ಬಿಎಎಸ್‌ಎಲ್‌ಪಿ ಸೇರುವ ಯೋಚನೆ: ಒಳಗೆ ಏನೇನಿರುತ್ತೆ, ಎಲ್ಲಿ ಎಡವುತ್ತಾರೆ?

ಅರಸೀಕೆರೆ_ಪಿಸಿಎಂಬಿ ಕೇಳಿದ್ದು:

ದ್ವಿತೀಯ ಪಿಯು, ಪಿಸಿಎಂಬಿ. ಸ್ಪೀಚ್ ಥೆರಪಿ ಡಿಗ್ರಿಗೆ ಸೇರ್ಬೇಕು ಅಂತಿದೆ. ಕಾಲೇಜುಗಳ ವೆಬ್‌ಸೈಟ್ ನೋಡಿದ್ರೆ ಎಲ್ಲ ಕಡೆ ಒಂದೇ ಥರ, "ಉಜ್ವಲ ಭವಿಷ್ಯ, ಅಪಾರ ಅವಕಾಶ". ನನಗೆ ಬೇಕಾಗಿರೋದು ಬೇರೆ. ನಾಲ್ಕು ವರ್ಷದಲ್ಲಿ ನಿಜವಾಗಿ ಏನು ಓದಿಸ್ತಾರೆ? ನೀಟ್ ಬೇಕಾ? ಫಿಸಿಕ್ಸ್ ಎಷ್ಟು ಬರತ್ತೆ? ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಅದರಿಂದ ತೊಂದರೆ ಆಗತ್ತಾ? ಒಂದೇ ವರ್ಷದ ಡಿಪ್ಲೊಮಾ ಮಾಡಿದ್ರೂ ಇದೇ ಕೆಲಸ ಅಂತ ಒಬ್ಬರು ಹೇಳಿದ್ರು, ಹೌದಾ? ಯಾವ ವಿಷಯದಲ್ಲಿ ಹೆಚ್ಚು ಜನ ಎಡವ್ತಾರೆ ಅನ್ನೋದನ್ನೂ ಹೇಳಿ.

ಡೆಸಿಬಲ್_ದಾಸ:

ಮೊದಲು ಹೆಸರಿನಿಂದ ಶುರು ಮಾಡೋಣ, ಯಾಕಂದ್ರೆ ಅರ್ಧ ಜನ ಅಲ್ಲೇ ತಪ್ಪು ತಿಳ್ಕೊಂಡು ಸೇರ್ತಾರೆ. ಬಿಎಎಸ್‌ಎಲ್‌ಪಿ ಅಂದ್ರೆ ಬ್ಯಾಚುಲರ್ ಆಫ್ ಆಡಿಯಾಲಜಿ ಅಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಆಡಿಯಾಲಜಿ, ಅಂದ್ರೆ ಶ್ರವಣದ ವಿಜ್ಞಾನ, ಮೊದಲು ಬಂದಿರೋದು ಸುಮ್ಮನೆ ಅಲ್ಲ. ಬೇರೆ ಕೆಲವು ದೇಶಗಳಲ್ಲಿ ಇವೆರಡು ಪ್ರತ್ಯೇಕ ಡಿಗ್ರಿ. ನಮ್ಮಲ್ಲಿ ಪದವಿ ಹಂತದಲ್ಲಿ ಎರಡನ್ನೂ ಒಟ್ಟಿಗೆ ಓದಿ, ಎಂ.ಎಸ್ಸಿಗೆ ಹೋದಾಗ ಒಂದನ್ನು ಆರಿಸ್ಕೋಬೇಕು. "ನನಗೆ ಥೆರಪಿ ಮಾತ್ರ ಸಾಕು, ಮಶೀನು ಗೀಶೀನು ಬೇಡ" ಅನ್ನೋರಿಗೆ ಮೊದಲ ಮೂರು ವರ್ಷ ಕಷ್ಟ.

ಒಟ್ಟು ನಾಲ್ಕು ವರ್ಷ: ಮೂರು ವರ್ಷ ಅಂದ್ರೆ ಆರು ಸೆಮಿಸ್ಟರ್ ಪಾಠ ಮತ್ತು ಕ್ಲಿನಿಕ್, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಶುರುವಿನಲ್ಲಿ ಕಿವಿ, ಗಂಟಲು, ಮಿದುಳಿನ ಅಂಗರಚನೆ, ಭಾಷಾವಿಜ್ಞಾನ, ಮನೋವಿಜ್ಞಾನ, ಧ್ವನಿಯ ಫಿಸಿಕ್ಸು ಮತ್ತು ಎಲೆಕ್ಟ್ರಾನಿಕ್ಸು, ಸಂಖ್ಯಾಶಾಸ್ತ್ರ. ಆಮೇಲೆ ಒಂದೊಂದೇ ಸಮಸ್ಯೆ: ಉಚ್ಚಾರಣೆ, ಧ್ವನಿ, ತೊದಲು, ಮಕ್ಕಳ ಭಾಷಾ ವಿಳಂಬ, ಸೀಳು ಅಂಗುಳು, ಪಾರ್ಶ್ವವಾಯುವಿನ ನಂತರದ ಅಫೇಸಿಯಾ (ಭಾಷೆಯ ನಷ್ಟ). ಆಡಿಯಾಲಜಿ ಕಡೆ ಶ್ರವಣ ಪರೀಕ್ಷೆ, ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಗದ್ದಲದಿಂದಾಗುವ ಕಿವುಡು.

ನೀಟ್ ಎಲ್ಲ ಕಡೆ ಕಡ್ಡಾಯ ಅಲ್ಲ. ಕೆಲವು ಸಂಸ್ಥೆ ಸ್ವಂತ ಪ್ರವೇಶ ಪರೀಕ್ಷೆ ನಡೆಸತ್ತೆ, ಕೆಲವು ಪಿಯು ಅಂಕ ನೋಡತ್ತೆ, ಕೆಲವು ನೀಟ್ ಅಂಕ ಕೇಳತ್ತೆ. ಆಯಾ ವರ್ಷದ ಪ್ರಾಸ್ಪೆಕ್ಟಸ್ ಒಂದೇ ಪ್ರಮಾಣ, ಹಳೇ ಯೂಟ್ಯೂಬ್ ವಿಡಿಯೊ ನಂಬ್ಬೇಡಿ. ಪಿಸಿಎಂಬಿ ಇರೋದ್ರಿಂದ ಅರ್ಹತೆಗೆ ಅಡ್ಡಿ ಇಲ್ಲ.

ಕರ್ನಾಟಕದಲ್ಲಿ ಇದ್ದೀರಿ ಅನ್ನೋದೇ ಒಂದು ಅನುಕೂಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ಕೇಂದ್ರ ಆರೋಗ್ಯ ಸಚಿವಾಲಯದ ಅಡಿ ಬರತ್ತೆ. ಅದಲ್ಲದೆ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಧಾರವಾಡದಲ್ಲಿ ಖಾಸಗಿ ಕಾಲೇಜುಗಳಿವೆ. ಸೇರೋ ಮುಂಚೆ ಎರಡು ವಿಷಯ ವಿಚಾರಿಸಿ. ಆ ಕೋರ್ಸಿಗೆ ಆ ವರ್ಷ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐನ, ಮಾನ್ಯತೆ ಇದೆಯಾ? ಕ್ಲಿನಿಕ್‌ಗೆ ದಿನಕ್ಕೆ ನಿಜವಾಗಿ ಎಷ್ಟು ರೋಗಿಗಳು ಬರ್ತಾರೆ? ಎರಡನೇದನ್ನು ಆಫೀಸಿನಲ್ಲಿ ಕೇಳಬೇಡಿ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಕಟ್ಟಡ ಚೆನ್ನಾಗಿದ್ದು ರೋಗಿಗಳೇ ಇಲ್ಲದ ಕಾಲೇಜಿನಲ್ಲಿ ಒಂದೇ ಕೇಸನ್ನು ನಾಲ್ಕು ಜನ ಹಂಚ್ಕೊಂಡು ಬರೀಬೇಕಾಗತ್ತೆ.

ಡಿಪ್ಲೊಮಾ ವಿಷಯ: ಡಿಎಚ್‌ಎಲ್‌ಎಸ್ ಅಂತ ಒಂದು ವರ್ಷದ ಕೋರ್ಸ್ ಇರೋದು ನಿಜ. ಅದು ಸಹಾಯಕರನ್ನು ತಯಾರು ಮಾಡೋ ಕೋರ್ಸ್. ಸ್ವತಂತ್ರವಾಗಿ ರೋಗನಿರ್ಣಯ ಮಾಡೋ ಅಧಿಕಾರ ಅದರಿಂದ ಬರಲ್ಲ. ಡಿಗ್ರಿ ಮುಗಿದ ಮೇಲೂ ಆರ್‌ಸಿಐ ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡೋ ಹಾಗಿಲ್ಲ. 1992ರ ಕಾಯ್ದೆಯ ಪ್ರಕಾರ ಅದಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ, ಜೈಲಿನ ಭಾಗ ಓದಿ.

ಮೂರ್ಧನ್ಯ:

ಕನ್ನಡ ಮಾಧ್ಯಮದ ಬಗ್ಗೆ ಕೇಳಿದ್ದೀರಿ. ಪರೀಕ್ಷೆ, ವರದಿ ಎಲ್ಲ ಇಂಗ್ಲಿಷಿನಲ್ಲೇ. ಮೊದಲ ಸೆಮಿಸ್ಟರಿನಲ್ಲಿ ಅಂಗರಚನೆಯ ಲ್ಯಾಟಿನ್ ಹೆಸರುಗಳು ಬಾಯಿಗೆ ಬರಲು ಸಮಯ ಹಿಡಿಯುತ್ತದೆ, ಅದು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ. ಧ್ವನಿವಿಜ್ಞಾನಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ.

ಒಂದನೇ ತರಗತಿಯಲ್ಲಿ ಕಲಿತ ವರ್ಗಾಕ್ಷರದ ಕೋಷ್ಟಕವನ್ನೇ ತೆಗೆದುಕೊಳ್ಳಿ. ಕ, ಚ, ಟ, ತ, ಪ ಎಂದರೆ ಬಾಯಿಯ ಹಿಂಭಾಗದಿಂದ ತುಟಿಯವರೆಗೆ ಉಚ್ಚಾರಣಾ ಸ್ಥಾನಗಳ ಸಾಲು. ಅಡ್ಡಸಾಲಿನಲ್ಲಿ ಅಘೋಷ (ಗಂಟಲು ಕಂಪಿಸದ್ದು), ಅಘೋಷ ಮಹಾಪ್ರಾಣ, ಘೋಷ (ಕಂಪಿಸುವುದು), ಘೋಷ ಮಹಾಪ್ರಾಣ, ಅನುನಾಸಿಕ. ಅಂತರರಾಷ್ಟ್ರೀಯ ಧ್ವನಿ ವರ್ಣಮಾಲೆಯ ಕೋಷ್ಟಕ ತುಟಿಯಿಂದ ಶುರುವಾಗುತ್ತದೆ, ಆದ್ದರಿಂದ ಪ, ತ, ಟ, ಚ, ಕ ಎಂದು ತಿರುಗಿಸಿ ಓದಿಕೊಂಡರೆ ಅರ್ಧ ಕೆಲಸ ಮುಗಿಯಿತು. ತಪ್ಪುವುದು ಸಂಕೇತಗಳಲ್ಲಿ. ನಮ್ಮ ತ ದಂತ್ಯ, ಅದಕ್ಕೆ ಕೆಳಗೆ ಸೇತುವೆಯಂಥ ಗುರುತು ಹಾಕಬೇಕು. ಟ ಬರೆಯುವಾಗ ಅಕ್ಷರದ ಬಾಲ ಬಲಕ್ಕೆ ಬಾಗಬೇಕು. ಎರಡನ್ನೂ ಬರಿಯ ಇಂಗ್ಲಿಷ್ ಟೀ ಅಕ್ಷರದಲ್ಲಿ ಬರೆದರೆ, ಟ ಬದಲು ತ ಎನ್ನುವ ಮಗುವಿನ ಟ್ರಾನ್ಸ್‌ಕ್ರಿಪ್ಷನ್ನಿನಲ್ಲಿ ತಪ್ಪೇ ಕಾಣಿಸುವುದಿಲ್ಲ. ಮೌಲ್ಯಮಾಪನವೇ ಬಿದ್ದುಹೋಯಿತು!

ಇನ್ನೊಂದು, ಉಪಭಾಷೆಯನ್ನು ದೋಷ ಎಂದು ಬರೆಯುವುದು. ಹಳೇ ಮೈಸೂರಿನ ಹಳ್ಳಿಯ ಮಗು "ಹಾಲು" ಅನ್ನಲು "ಆಲು" ಎಂದರೆ ಮನೆಯಲ್ಲಿ ಅಪ್ಪ ಅಮ್ಮ ಹೇಗೆ ಆಡುತ್ತಾರೆ ಎಂದು ಮೊದಲು ಕೇಳಿಸಿಕೊಳ್ಳಿ. ಮನೆಯವರೆಲ್ಲ ಹಾಗೇ ಆಡುತ್ತಿದ್ದರೆ ಅಲ್ಲಿ ಥೆರಪಿಗೆ ಏನೂ ಕೆಲಸವಿಲ್ಲ. ಮಹಾಪ್ರಾಣವೂ ಹಾಗೇ: "ಭಾಷೆ" ಎನ್ನುವುದನ್ನು ದಿನಬಳಕೆಯಲ್ಲಿ "ಬಾಷೆ" ಎನ್ನುವವರು ನಮ್ಮಲ್ಲಿ ಬೇಕಾದಷ್ಟು. ಣ-ನ, ಳ-ಲ ಒಂದಾಗುವ ಪ್ರದೇಶಗಳೂ ಇವೆ. ಆದರೆ ಐದು ವರ್ಷದ ಮಗು "ಕಾಗೆ"ಗೆ "ತಾದೆ" ಎಂದರೆ ಅದು ಬೇರೆಯೇ ವಿಷಯ. ಹಿಂದಿನ ಸ್ಥಾನದ ಧ್ವನಿ ಮುಂದಕ್ಕೆ ಬಂದಿದೆ, ಕ ಮತ್ತು ಗ ಎರಡರಲ್ಲೂ ಬಂದಿದೆ, ಅಂದರೆ ನಿಯಮಬದ್ಧವಾಗಿದೆ. ಇಲ್ಲಿ ಒಂದೊಂದೇ ಅಕ್ಷರ ತಿದ್ದುವುದಕ್ಕಿಂತ ಆ ಇಡೀ ನಿಯಮವನ್ನೇ ಗುರಿಯಾಗಿಸಬೇಕು. ರ ಮಾತ್ರ ತಡವಾಗಿ ಕೂಡುವ ಧ್ವನಿ, "ರೈಲು" "ಲೈಲು" ಆದರೆ ವಯಸ್ಸು ನೋಡಿ ತೀರ್ಮಾನಿಸಿ.

ಭಾಷಾ ಮಾದರಿ ವಿಶ್ಲೇಷಣೆ ಇದಕ್ಕಿಂತ ಕಷ್ಟ. ಮಗು ಆಟವಾಡುತ್ತಾ ಆಡಿದ 50ರಿಂದ 100 ಉಕ್ತಿಗಳನ್ನು ರೆಕಾರ್ಡ್ ಮಾಡಿ, ಬರೆದು, ಉಕ್ತಿಯ ಸರಾಸರಿ ಉದ್ದ ಲೆಕ್ಕ ಹಾಕುತ್ತೀರಿ. "ಅಪ್ಪ ಅಂಗಡಿಗೆ ಹೋದ್ರು" ಪದದಲ್ಲಿ ಎಣಿಸಿದರೆ 3. ಆಕೃತಿಮಾದಲ್ಲಿ, ಅಂದರೆ ಅರ್ಥವಿರುವ ಅತಿ ಚಿಕ್ಕ ತುಣುಕುಗಳಲ್ಲಿ, ಎಣಿಸಿದರೆ ಅಪ್ಪ 1, ಅಂಗಡಿ ಮತ್ತು ಗೆ 2, ಹೋ, ದ್, ರು 3, ಒಟ್ಟು 6. ಇದೇ ಮಗು "ಬಿದ್ದೋಯ್ತು" ಎಂದಾಗ ಒಂದೇ ಪದ, ಒಳಗೆ ಎರಡು ಕ್ರಿಯಾಪದ. ಮಗು ಅದನ್ನು ಬಿಡಿಸಿ ಕಲಿತಿದೆಯೋ ಇಡಿಯಾಗಿ ಎತ್ತಿಕೊಂಡಿದೆಯೋ? "ಬಿದ್ದ", "ಹೋಯ್ತು" ಮಾದರಿಯಲ್ಲಿ ಬೇರೆ ಬೇರೆ ಕಡೆ ಸಿಕ್ಕರೆ ಬಿಡಿಸಿ ಎಣಿಸಿ, ಇಲ್ಲದಿದ್ದರೆ ಒಂದು. ಯಾವ ನಿಯಮ ಹಿಡಿದಿರಿ ಎಂದು ವರದಿಯ ಮೇಲ್ಭಾಗದಲ್ಲೇ ಬರೆಯಿರಿ. ಆರು ತಿಂಗಳ ನಂತರ ಬೇರೆ ವಿದ್ಯಾರ್ಥಿ ಬೇರೆ ನಿಯಮದಲ್ಲಿ ಎಣಿಸಿದರೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ಮತ್ತೆ, ಇಂಗ್ಲಿಷ್ ಮಕ್ಕಳಿಗೆ ಮಾಡಿದ ಹಂತಗಳ ಪಟ್ಟಿಯನ್ನು ಈ 6ರ ಪಕ್ಕ ಇಟ್ಟು "ವಯಸ್ಸಿಗೆ ಮೀರಿದ ಭಾಷೆ" ಎಂದು ಬರೆಯಬೇಡಿ. ಪ್ರತ್ಯಯ ಅಂಟಿಸುವ ಭಾಷೆಯಲ್ಲಿ ಸಂಖ್ಯೆ ತಾನಾಗಿಯೇ ಏರುತ್ತದೆ. ಕನ್ನಡಕ್ಕೆಂದೇ ಮಾಡಿದ ಉಚ್ಚಾರಣಾ ಪರೀಕ್ಷೆ, ಭಾಷಾ ಪರೀಕ್ಷೆಗಳಿವೆ, ಅವುಗಳ ಮಾನದಂಡ ಬಳಸಿ.

ಅರಸೀಕೆರೆ_ಪಿಸಿಎಂಬಿ:

ಇಬ್ಬರಿಗೂ ಥ್ಯಾಂಕ್ಸ್. ಫಿಸಿಕ್ಸ್ ಬಗ್ಗೆ ಇನ್ನೂ ಗೊತ್ತಾಗ್ಲಿಲ್ಲ. ಸೀನಿಯರ್ ಒಬ್ಬರು "ಮಾಸ್ಕಿಂಗ್ ದಾಟಿದ್ರೆ ಡಿಗ್ರಿ ದಾಟಿದ ಹಾಗೆ" ಅಂದ್ರು. ಅದೇನು?

ನಲವತ್ತು_ಡಿಬಿ:

ಫಿಸಿಕ್ಸ್ ಅಂದ್ರೆ ಧ್ವನಿ ತರಂಗ, ಅನುರಣನ, ಲಾಗರಿದಮ್. ಇಷ್ಟೇ, ಆದರೆ ಇದರಲ್ಲಿ ಸಡಿಲ ಇರೋಹಾಗಿಲ್ಲ. ಒಂದು ಪರೀಕ್ಷೆ: 60 ಡೆಸಿಬಲ್‌ನ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸದ್ದು ಒಟ್ಟಿಗೆ ಬಂದ್ರೆ ಎಷ್ಟು? 120 ಅಂದ್ರೆ ಲಾಗರಿದಮ್ ಮತ್ತೆ ಓದಿ. ತೀವ್ರತೆ ಎರಡು ಪಟ್ಟಾದ್ರೆ ಏರೋದು 3 ಡೆಸಿಬಲ್, ಉತ್ತರ 63.

ಈಗ ಮಾಸ್ಕಿಂಗ್, ಅಂದ್ರೆ ಒಂದು ಕಿವಿ ಪರೀಕ್ಷಿಸುವಾಗ ಇನ್ನೊಂದು ಕಿವಿಗೆ ಗದ್ದಲ ಕೊಟ್ಟು ಅದನ್ನು ಮುಚ್ಚೋದು. ಬಲಗಿವಿಗೆ ಹೆಡ್‌ಫೋನ್ ಇಟ್ಟು ಸದ್ದು ಕೊಡ್ತೀರಿ. ಸದ್ದು ಜೋರಾದ ಹಾಗೆ ತಲೆಬುರುಡೆ ಮೂಲಕ ದಾಟಿ ಎಡಗಿವಿಗೂ ಮುಟ್ಟತ್ತೆ. ರೋಗಿ "ಕೇಳ್ತು" ಅಂತ ಗುಂಡಿ ಒತ್ತುತ್ತಾರೆ, ಕೇಳಿದ್ದು ಯಾವ ಕಿವಿ ಅಂತ ನಿಮಗೆ ಗೊತ್ತಿಲ್ಲ. ಕಿವಿಯ ಮೇಲೆ ಕೂರೋ ಮಾಮೂಲಿ ಹೆಡ್‌ಫೋನಿನಲ್ಲಿ ದಾಟುವಾಗ ಕನಿಷ್ಠ 40 ಡೆಸಿಬಲ್ ನಷ್ಟ ಆಗತ್ತೆ ಅಂತ ಇಟ್ಕೊಳ್ತೀವಿ. ಕಿವಿಯೊಳಗೆ ಕೂರೋ ಇನ್ಸರ್ಟ್ ಫೋನಿನಲ್ಲಿ ನಷ್ಟ ಇನ್ನೂ ಹೆಚ್ಚು. ಕಿವಿಯ ಹಿಂದಿನ ಮೂಳೆಗೆ ಒತ್ತಿಡೋ ಮೂಳೆ ಕಂಪಕದಲ್ಲಿ ನಷ್ಟ ಸೊನ್ನೆ ಅಂತಲೇ ಭಾವಿಸ್ಬೇಕು.

ಒಂದು ಕೇಸ್: 1000 ಹರ್ಟ್ಜ್‌ನಲ್ಲಿ ಬಲಗಿವಿಯ ವಾಯುವಹನ (ಹೆಡ್‌ಫೋನಿನಿಂದ ಕೊಟ್ಟಾಗ ಕೇಳೋ ಕನಿಷ್ಠ ಮಟ್ಟ) 60, ಎಡಗಿವಿಯ ವಾಯುವಹನ 15, ಎಡಗಿವಿಯ ಮೂಳೆವಹನ (ಮೂಳೆ ಕಂಪಕದಿಂದ ಕೊಟ್ಟಾಗ) 10. ಹೋಲಿಸಬೇಕಾದ್ದು ಬಲದ 60ನ್ನು ಎಡದ ಮೂಳೆಯ 10ರ ಜೊತೆ. ವ್ಯತ್ಯಾಸ 50, ಅಂದ್ರೆ 40 ದಾಟಿತು, ಮಾಸ್ಕಿಂಗ್ ಬೇಕೇ ಬೇಕು. ಎಡಗಿವಿಗೆ ಗದ್ದಲ ಕೊಡ್ತೀರಿ, ಅದರ ವಾಯುವಹನ 15ಕ್ಕೆ 10 ಸೇರಿಸಿ 25ರಿಂದ ಶುರು. ಬಲಕ್ಕೆ 60ರಲ್ಲಿ ಸದ್ದು ಕೊಡಿ. ಕೇಳಿದ್ರೆ ಗದ್ದಲ 5 ಏರಿಸಿ, ಕೇಳದಿದ್ರೆ ಸದ್ದನ್ನು 5 ಏರಿಸಿ. ಗದ್ದಲ 15 ಡೆಸಿಬಲ್ ಏರಿದ್ರೂ ಸದ್ದಿನ ಮಟ್ಟ ಅಲ್ಲೇ ನಿಂತ್ರೆ ಅದು ಪ್ಲೇಟೋ, ಅದೇ ಬಲಗಿವಿಯ ನಿಜವಾದ ಮಟ್ಟ.

ವಿದ್ಯಾರ್ಥಿಗಳು ಮಾಡೋ ತಪ್ಪು ಬಹುತೇಕ ಒಂದೇ: ಬಲದ 60ನ್ನು ಎಡದ ವಾಯುವಹನದ ಜೊತೆ ಹೋಲಿಸೋದು. ಮೇಲಿನ ಕೇಸಿನಲ್ಲಿ ಹಾಗೆ ಮಾಡಿದ್ರೂ 45 ಬರತ್ತೆ, ಅದೃಷ್ಟಕ್ಕೆ ಉತ್ತರ ಸರಿಯಾಗತ್ತೆ. ಎಡಗಿವಿಯಲ್ಲಿ ಸೋರಿಕೆ ಇದ್ದು ವಾಯುವಹನ 40, ಮೂಳೆವಹನ 10 ಇದ್ದಾಗ ಸಿಕ್ಕಿಬೀಳ್ತಾರೆ. ವ್ಯತ್ಯಾಸ ಬರೀ 20 ಅಂತ ಮಾಸ್ಕಿಂಗ್ ಬಿಟ್ಟು ಬಲಗಿವಿಯ ಮಟ್ಟ ತಪ್ಪು ಬರೀತಾರೆ. ದಾಟಿದ ಸದ್ದು ತಲುಪೋದು ಒಳಕಿವಿಯ ಕಾಕ್ಲಿಯಕ್ಕೆ, ಕಿವಿಯ ಕಾಲುವೆಗಲ್ಲ. ಇದೊಂದು ತಲೆಗೆ ಹೋದ್ರೆ ಸೂತ್ರ ಬಾಯಿಪಾಠ ಮಾಡೋದೇ ಬೇಡ.

ಎರಡೂ ಕಿವಿಯಲ್ಲಿ ದೊಡ್ಡ ವಾಹಕ ದೋಷ (ಹೊರ ಅಥವಾ ನಡುಗಿವಿಯಲ್ಲಿ ಸದ್ದಿಗೆ ತಡೆ) ಇದ್ರೆ ಇನ್ನೊಂದು ತೊಡಕು. ಮಾಸ್ಕ್ ಮಾಡುವಷ್ಟು ಗದ್ದಲ ಕೊಟ್ರೆ ಆ ಗದ್ದಲವೇ ತಿರುಗಿ ದಾಟಿ ಪರೀಕ್ಷೆಯ ಕಿವಿಯನ್ನು ಮುಚ್ಚತ್ತೆ, ಪ್ಲೇಟೋ ಸಿಗೋದೇ ಇಲ್ಲ. ಅಂಥಲ್ಲಿ ಇನ್ಸರ್ಟ್ ಫೋನ್ ಹಾಕಿ. ಆಗ್ಲೂ ಸಿಗದಿದ್ರೆ ಸಿಗಲಿಲ್ಲ ಅಂತಲೇ ಬರೀಬೇಕು, ಅಂದಾಜಿನ ಗುರುತು ಹಾಕೋ ಹಾಗಿಲ್ಲ.

ಲೆಸನ್_ಪ್ಲಾನ್_ಪೀಡಿತ:

ಪಾಠದ ಬಗ್ಗೆ ಎಲ್ಲ ಹೇಳಿದ್ರು, ಜನ ನಿಜವಾಗಿ ಸುಸ್ತಾಗೋದು ಕ್ಲಿನಿಕ್‌ನಲ್ಲಿ. ಮೊದಲು ನೋಡೋದಷ್ಟೇ, ಆಮೇಲೆ ಮೇಲ್ವಿಚಾರಕರ ಕಣ್ಣೆದುರು ಕೇಸ್ ನಿಮ್ಮ ಕೈಗೆ. ಪ್ರತಿ ಕೇಸಿಗೂ ಲೆಸನ್ ಪ್ಲಾನ್ ಬರೀಬೇಕು, ಮತ್ತೆ ಮತ್ತೆ ವಾಪಸ್ ಬರೋದು ಅದೇ.

"ಮಗುವಿನ ಭಾಷೆಯನ್ನು ಸುಧಾರಿಸುವುದು" ಅಂತ ಬರೆದ್ರೆ ಕೆಂಪು ಗೆರೆ ಗ್ಯಾರಂಟಿ. ಬರೀಬೇಕಾದ್ದು ಹೀಗೆ: "ಚಿತ್ರ ತೋರಿಸಿದಾಗ, ಬಾಯಿ ಮಾತಿನ ಸುಳಿವಿಲ್ಲದೆ, ಹತ್ತು ಹಣ್ಣು-ತರಕಾರಿಗಳಲ್ಲಿ ಎಂಟನ್ನು ಹೆಸರಿಸುವುದು, ಸತತ ಎರಡು ಸೆಷನ್." ಏನು, ಯಾವ ಸನ್ನಿವೇಶದಲ್ಲಿ, ಎಷ್ಟು ಸಹಾಯದಿಂದ, ಎಷ್ಟಕ್ಕೆ ಎಷ್ಟು. ಇದಕ್ಕೂ ಮುಂಚೆ ಬೇಸ್‌ಲೈನ್ ಬೇಕು. ಮಗುವಿಗೆ ಈಗಾಗಲೇ ಏಳು ಹೆಸರು ಬರ್ತಿದ್ರೆ ಎಂಟರ ಗುರಿಗೆ ಅರ್ಥ ಏನು?

ತೊದಲಿನ ಕೇಸಿನಲ್ಲಿ ಎಣಿಕೆ ತಪ್ಪತ್ತೆ. ಪದದ ಲೆಕ್ಕದಲ್ಲಿ ಎಣಿಸಬೇಡಿ. "ಹೋಗ್ಬೇಕಾಗಿತ್ತಲ್ವಾ" ನಮ್ಮಲ್ಲಿ ಒಂದು ಪದ, ಆರು ಉಚ್ಚಾರಾಂಶ. ಉಚ್ಚಾರಾಂಶದಲ್ಲೇ ಎಣಿಸಿ. "ಕ-ಕ-ಕ-ಕನ್ನಡ" ಅಂದಾಗ ಒಟ್ಟು ಲೆಕ್ಕಕ್ಕೆ ಸೇರೋದು ಮೂರೇ, ತೊದಲು ಒಂದು. ಆ ಹೆಚ್ಚುವರಿ ಕ-ಕ-ಕಗಳನ್ನೂ ಒಟ್ಟಿಗೆ ಸೇರಿಸಿದ್ರೆ ಛೇದ ದೊಡ್ಡದಾಗಿ ತೀವ್ರತೆ ಕಮ್ಮಿ ಕಾಣತ್ತೆ. 240 ಉಚ್ಚಾರಾಂಶಕ್ಕೆ 18 ತೊದಲು ಅಂದ್ರೆ ಶೇ 7.5. ಜೊತೆಗೆ ಅತಿ ಉದ್ದದ ಮೂರು ತಡೆಗಳ ಸರಾಸರಿ ಸಮಯ, ಮುಖ ಕಿವುಚೋದು, ತಲೆ ಕೈ ಆಡಿಸೋದು, ಇವನ್ನೂ ದಾಖಲಿಸ್ಬೇಕು. ವಿಡಿಯೊ ಇಲ್ಲದೆ ಇದು ಆಗಲ್ಲ, ಅನುಮತಿ ಪತ್ರಕ್ಕೆ ಸಹಿ ಮೊದಲೇ ಹಾಕಿಸ್ಕೊಳ್ಳಿ.

ಮಾತು ಬಾರದ ಮಗು ಬಂತು ಅಂದ್ರೆ ಥೆರಪಿ ಶುರು ಮಾಡೋ ಮುಂಚೆ ಶ್ರವಣ ವರದಿ ಕೇಳಿ. "ಕರೆದ್ರೆ ತಿರುಗ್ತಾನೆ, ಕಿವಿ ಚೆನ್ನಾಗಿದೆ" ಅನ್ನೋ ಮಾತು ಸಾಲದು. ತಗ್ಗು ಸ್ಥಾಯಿಯ ಸದ್ದು ಕೇಳಿ, ಹೆಚ್ಚು ಆವರ್ತನದ ಸ, ಶ ಕೇಳದ ಮಗುವೂ ತಿರುಗತ್ತೆ. ಒಎಇ (ಒಳಕಿವಿಯ ರೋಮಕೋಶಗಳಿಂದ ಮರಳಿ ಬರೋ ಸದ್ದು ಅಳೆಯೋ ಪರೀಕ್ಷೆ) ಪಾಸಾಗಿದೆ ಅಂತ ನಿಲ್ಲಿಸಿಬಿಡೋದೂ ತಪ್ಪು. ಆಡಿಟರಿ ನ್ಯೂರೋಪತಿಯಲ್ಲಿ ಹೊರ ರೋಮಕೋಶಗಳು ಕೆಲಸ ಮಾಡ್ತಿರೋದ್ರಿಂದ ಒಎಇ ಬರತ್ತೆ, ಆದ್ರೆ ನರದ ಸಂಕೇತ ಹೊಂದಾಣಿಕೆ ಇಲ್ಲದೆ ಬೆರಾದಲ್ಲಿ (ಸದ್ದಿಗೆ ನರ ಮತ್ತು ಮಿದುಳುಕಾಂಡದ ವಿದ್ಯುತ್ ಪ್ರತಿಕ್ರಿಯೆ ಅಳೆಯೋ ಪರೀಕ್ಷೆ) ಅಲೆಗಳೇ ಇರಲ್ಲ.

ಕರಾವಳಿ ಕಡೆ ಓದೋದಾದ್ರೆ ಕೇಸ್ ಹಿಸ್ಟರಿಯಲ್ಲಿ "ಮಾತೃಭಾಷೆ" ಅಂತ ಒಂದು ಖಾನೆ ತುಂಬಿ ಸುಮ್ಮನಾಗ್ಬೇಡಿ. ಮನೆಯಲ್ಲಿ ತುಳು, ಅಜ್ಜಿ ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ ಇರಬಹುದು. ಯಾರ ಜೊತೆ ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿ, ಶಬ್ದಭಂಡಾರ ಎಲ್ಲ ಭಾಷೆ ಸೇರಿಸಿ ಎಣಿಸಿ. "ಮನೇಲಿ ಒಂದೇ ಭಾಷೆ ಮಾತಾಡಿ" ಅನ್ನೋ ಸಲಹೆ ಇನ್ನೂ ಕೆಲವು ಕಡೆ ಕೊಡ್ತಾರೆ, ಅದಕ್ಕೆ ಆಧಾರ ಇಲ್ಲ.

ಧ್ವನಿ ಕೇಸಿಗೆ ಎಸ್-ಝಡ್ ಅನುಪಾತ ತೆಗೀರಿ, ಅಂದ್ರೆ ಒಂದೇ ಉಸಿರಿಗೆ ಸ ಎಳೆದ ಸಮಯವನ್ನು ಝಡ್ ಎಳೆದ ಸಮಯದಿಂದ ಭಾಗಿಸಿ. 1.4 ದಾಟಿದ್ರೆ ಧ್ವನಿತಂತುವಿನಲ್ಲಿ ತೊಂದರೆ ಇರಬಹುದು ಅನ್ನೋ ಸೂಚನೆ. ಸುಲಭ, ಸ್ಟಾಪ್‌ವಾಚ್ ಸಾಕು.

ವಿಮಾನ_ಟಿಕೆಟ್:

ಕೆಲಸದ ಬಗ್ಗೆ ಚಿಕ್ಕದಾಗಿ. ಇಎನ್‌ಟಿ ವಿಭಾಗ, ಶ್ರವಣ ಸಾಧನ ಕಂಪನಿ, ವಿಶೇಷ ಶಾಲೆ, ಖಾಸಗಿ ಮಕ್ಕಳ ಕ್ಲಿನಿಕ್, ಜಿಲ್ಲಾ ಆಸ್ಪತ್ರೆಗಳ ಶೀಘ್ರ ಪತ್ತೆ ಕೇಂದ್ರ. ಜಿಲ್ಲಾ ಹುದ್ದೆಗಳು ಹೆಚ್ಚಾಗಿ ಗುತ್ತಿಗೆ ಮೇಲೆ, ಇದು ಗೊತ್ತಿರಲಿ. ಹೊರದೇಶಕ್ಕೆ ಹೋಗೋ ಆಸೆ ಇದ್ರೆ ದೇಶಕ್ಕೊಂದು ನಿಯಮ. ಅಮೆರಿಕದಲ್ಲಿ ಈ ಪದವಿಯೊಂದೇ ಸಾಲದು: ಸ್ಪೀಚ್‌ಗೆ ಮಾಸ್ಟರ್ಸ್, ಆಡಿಯಾಲಜಿಗೆ ಎಯುಡಿ (ಆಡಿಯಾಲಜಿಯ ಡಾಕ್ಟರೇಟ್) ಬೇಕು. ಬ್ರಿಟನ್ನಿನಲ್ಲಿ ಸ್ಪೀಚ್ ಥೆರಪಿಗೆ, ಆರೋಗ್ಯ ವೃತ್ತಿಗಳನ್ನು ನೋಂದಾಯಿಸೋ ಮಂಡಳಿಯಾದ ಎಚ್‌ಸಿಪಿಸಿ ನೋಂದಣಿ. ಅಲ್ಲಿ ಸ್ಪೀಚ್ ಥೆರಪಿಸ್ಟ್‌ಗಳಿಂದ ಬಾಕಿ ವೃತ್ತಿಗಳಿಗಿಂತ ಹೆಚ್ಚಿನ ಇಂಗ್ಲಿಷ್ ಮಟ್ಟ ಕೇಳ್ತಾರೆ. ಎಲ್ಲ ಕಡೆನೂ ಕ್ಲಿನಿಕ್ ಗಂಟೆಗಳ ವಿವರ ಕೇಳೋದ್ರಿಂದ ಲಾಗ್‌ಬುಕ್ ಸಹಿ ಆಯಾ ವಾರವೇ ಮಾಡಿಸಿ. ಮೇಲ್ವಿಚಾರಕರು ಕೆಲಸ ಬಿಟ್ಟು ಹೋದ ಮೇಲೆ ಆ ಸಹಿ ಯಾರೂ ಹಾಕಲ್ಲ.

ಮೂರ್ಧನ್ಯ:

ಲೆಸನ್_ಪ್ಲಾನ್_ಪೀಡಿತ ಅವರ ಕೊನೆಯ ಸಾಲಿಗೆ ಒಂದು ತಕರಾರು. ಎಸ್-ಝಡ್ ಅನುಪಾತದ ತರ್ಕ ಸರಿ: ಸ ಅಘೋಷ, ಝಡ್ ಘೋಷ, ತಂತುಗಳ ನಡುವೆ ಗಾಳಿ ಸೋರಿದರೆ ಘೋಷ ಧ್ವನಿಯ ಅವಧಿ ಮಾತ್ರ ಇಳಿಯುತ್ತದೆ. ಆದರೆ ಕನ್ನಡದಲ್ಲಿ ಆ ಝಡ್ ಇಲ್ಲವಲ್ಲ. ಕನ್ನಡ ಮಾತ್ರ ಬಲ್ಲ ರೈತರೊಬ್ಬರನ್ನು ಕೂರಿಸಿ ಮಾಡಿಸಿದರೆ "ಜ" ಎನ್ನುತ್ತಾರೆ. ಜ ಸ್ಪರ್ಶಘರ್ಷ, ಎಳೆಯಲು ಬರುವುದಿಲ್ಲ. ಎಳೆದರೆ "ಜಾಆಆ" ಎಂದು ಸ್ವರಕ್ಕೆ ಜಾರುತ್ತದೆ, ಅಥವಾ ಪಿಸುಮಾತಿನ ಸ ಆಗುತ್ತದೆ. ಅದನ್ನೇ ಸ್ಟಾಪ್‌ವಾಚಿನಲ್ಲಿ ಹಿಡಿದು ಭಾಗಿಸಿದ ಸಂಖ್ಯೆಗೆ ಬೆಲೆಯಿಲ್ಲ. ಮೊದಲು ನೀವೇ ಮಾಡಿ ತೋರಿಸಿ, ಗಂಟಲ ಮೇಲೆ ಅವರ ಬೆರಳಿಟ್ಟು ಕಂಪನ ಗುರುತಿಸಲು ಹೇಳಿ. ಮೂರು ಪ್ರಯತ್ನದಲ್ಲೂ ಘೋಷ ನಿಲ್ಲದಿದ್ದರೆ ಆ ಪರೀಕ್ಷೆ ಬಿಡಿ. "ಆ" ಎಳೆಸಿ ಗರಿಷ್ಠ ಅವಧಿ ಮೂರು ಸಲ ತೆಗೆದು ಅತಿ ಉದ್ದದ್ದನ್ನು ಬರೆದುಕೊಳ್ಳಿ. ಅದೇ ರೆಕಾರ್ಡಿಂಗನ್ನು ಪ್ರಾಟ್‌ನಲ್ಲಿ ತೆರೆದು ನೋಡಬಹುದು, ತಂತ್ರಾಂಶ ಉಚಿತ. ಫಾರ್ಮಂಟ್ (ಬಾಯಿ-ಗಂಟಲಿನ ಅನುರಣನದ ಆವರ್ತನ) ಹುಡುಕುವ ಮಿತಿಯನ್ನು ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಜ್ ಇಡಿ. ಇಲ್ಲದಿದ್ದರೆ ಉ, ಒಗಳಲ್ಲಿ ಒತ್ತಾಗಿರುವ ಮೊದಲ ಎರಡು ಫಾರ್ಮಂಟ್‌ಗಳನ್ನು ತಂತ್ರಾಂಶ ಒಂದೇ ಎಂದು ಓದಿಬಿಡಬಹುದು.

ಲೆಸನ್_ಪ್ಲಾನ್_ಪೀಡಿತ:

ಸರಿ, ಒಪ್ಪಿದೆ. "ಝೂ" ಅನ್ನೋ ಪದ ಸಲೀಸಾಗಿ ಬರೋ ಮೈಸೂರಿನವರಿಗೆ ಮಾತ್ರ ಮಾಡಿಸಿ, ಉಳಿದವರಿಗೆ "ಆ".